ಬಿಡುಗಡೆಯಾಗದ ಆಟದ ಕಂಡಕ್ಟರ್

ನಾನು ದನಿ ಕೊಟ್ಟ ವಿಡಿಯೊ ಗೇಮನ್ನು ಇಡೀ ಜಗತ್ತಿನಲ್ಲಿ ಆಡಿದವರು ಹೆಚ್ಚೆಂದರೆ ಹತ್ತು ಹನ್ನೊಂದು ಮಂದಿ. ಅವರಲ್ಲಿ ಒಬ್ಬಳು ನನ್ನ ತಾಯಿ. ಆ ಆಟ ಬಿಡುಗಡೆಯಾಗಲಿಲ್ಲ, ಇನ್ನು ಆಗುವುದೂ ಇಲ್ಲ. ಆದರೂ ಅದರ ಬಗ್ಗೆ ಬರೆಯಲು ಕೂತಿದ್ದೇನೆ. ಅದರಿಂದ ನನಗಾದ ಉಪಕಾರವನ್ನು ಬಾಯಿಬಿಟ್ಟು ಹೇಳಹೊರಟರೆ ಬಹಳ ಹೊತ್ತು ಹಿಡಿಯುತ್ತದೆ. ಯಾಕೆಂದರೆ ನನಗೆ ಉಗ್ಗು ಇದೆ.

ಎಲ್ಲ ಮಾತಿಗೂ ಅಲ್ಲ. ನನ್ನ ಕಷ್ಟ ಮುಖ್ಯವಾಗಿ ಮೂರು ಅಕ್ಷರಗಳದು: ಸ, ಬ, ಮ. ಮನೆ ಇಂಡಿಯಲ್ಲಿ, ಕೆಲಸ ಸಿಂದಗಿಯಲ್ಲಿ. ಬಸ್ಸಿನಲ್ಲಿ ಕಂಡಕ್ಟರ್ "ಎಲ್ಲಿಗ್ರಿ?" ಎಂದು ಕೇಳಿದರೆ ಸಿಂದಗಿಯ 'ಸಿ' ಹಲ್ಲಿನ ಹಿಂದೆ ಸಿಕ್ಕಿಕೊಂಡು ಹೊರಗೆ ಬರುತ್ತಿರಲಿಲ್ಲ. ಕಂಡಕ್ಟರ್ ತಾನೇ ಎರಡು ಮೂರು ಊರ ಹೆಸರು ಹೇಳಿ ನೋಡುತ್ತಿದ್ದ, ಪಕ್ಕದ ಸೀಟಿನವರು ತಿರುಗುತ್ತಿದ್ದರು, ನನ್ನ ಕಿವಿ ಬಿಸಿಯಾಗುತ್ತಿತ್ತು. ಹಾಗಾಗಿ ವರ್ಷಗಟ್ಟಲೆ ನಾನು "ಜೇವರ್ಗಿ" ಎಂದು ಹೇಳಿ, ಅಲ್ಲಿಯ ತನಕದ ಟಿಕೆಟ್ ತೆಗೆದುಕೊಂಡು, ನಡುವೆ ಸಿಂದಗಿಯಲ್ಲೇ ಇಳಿದುಬಿಡುತ್ತಿದ್ದೆ. ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಆಧಾರ್ ಕಾರ್ಡಿನ ಜೊತೆ ಊರ ಹೆಸರು ಬರೆದ ಚೀಟಿಯನ್ನೂ ಹಿಡಿದು ತೋರಿಸುವುದು ರೂಢಿಯಾಯಿತು. ಹೊಸ ಕಂಡಕ್ಟರುಗಳು ನನ್ನನ್ನು ಮೂಕಿ ಎಂದುಕೊಂಡು ಕೈಸನ್ನೆ ಮಾಡುತ್ತಿದ್ದರು. ನಾನೂ ಕೈಸನ್ನೆಯಲ್ಲೇ ಉತ್ತರ ಕೊಡುತ್ತಿದ್ದೆ.

ಅಪ್ಪ ಹೊರ್ತಿಯ ಶಾಲೆಯಲ್ಲಿ ಮಾಸ್ತರರಾಗಿದ್ದರು. "ಸಾವಕಾಶ ಹೇಳು, ಉಸಿರು ತಗೊಂಡು ಹೇಳು" ಅನ್ನುತ್ತಿದ್ದರು. ಉಸಿರು ತೆಗೆದುಕೊಂಡಷ್ಟೂ ಮಾತು ಇನ್ನಷ್ಟು ಒಳಗೆ ಹೋಗುತ್ತಿತ್ತು. ಅವರು ತೀರಿಕೊಂಡ ಮೇಲೆ ಮನೆಯಲ್ಲಿ ನಾನು ಮತ್ತು ಆಯಿ. ನಮ್ಮದು ಅರ್ಧ ಮರಾಠಿ ಬೆರೆತ ಮನೆಮಾತು, ತಾಯಿಯನ್ನು ಆಯಿ ಎಂದೇ ಕರೆಯುವುದು. ಆಯಿಯ ಪದ್ಧತಿ ಅಪ್ಪನದಕ್ಕಿಂತ ಬೇರೆ. ನಾನು ಒಂದಕ್ಷರಕ್ಕೆ ಸಿಕ್ಕಿಕೊಂಡರೆ ಸಾಕು, ಉಳಿದ ವಾಕ್ಯವನ್ನು ಅವಳೇ ಮುಗಿಸಿಬಿಡುತ್ತಿದ್ದಳು. ನಾನು "ಸಾ..." ಎಂದರೆ "ಸಾರಿಗೆ ಉಪ್ಪು ಕಡಿಮಿ ಆಗ್ಯದ, ಹೌದಲ್ಲ?" ನಾನು ಹೇಳಬೇಕೆಂದಿದ್ದದ್ದು ಸಾಬೂನು ತೀರಿದ ಸುದ್ದಿ. ಪ್ರೀತಿಯಿಂದಲೇ ಮಾಡುತ್ತಿದ್ದಳು. ತಿದ್ದುವುದಕ್ಕಿಂತ ಉಪ್ಪು ಹಾಕಿಕೊಳ್ಳುವುದು ಸುಲಭವೆಂದು ಎಷ್ಟೋ ಸಲ ಹಾಕಿಕೊಂಡು ಉಂಡಿದ್ದೇನೆ.

ಸಿಂದಗಿಯಲ್ಲಿ ನನ್ನದು ಕನ್ನಡ ಟೈಪಿಂಗ್ ಕೆಲಸ. ಲಗ್ನಪತ್ರಿಕೆ, ಶಾಲೆಯ ಪ್ರಶ್ನೆಪತ್ರಿಕೆ, ಕಚೇರಿಗೆ ಕೊಡುವ ಅರ್ಜಿ. ಗಿರಾಕಿಗಳ ಜೊತೆ ಮಾತು ಅಂಗಡಿಯ ಮಾಲೀಕರದು, ಬೆರಳಾಡಿಸುವುದು ನನ್ನದು. ವಯಸ್ಸು ನಲವತ್ತರ ಹತ್ತಿರ ಬಂದಿತ್ತು. ಇಷ್ಟೇ ನನ್ನ ಬದುಕು ಎಂದು ಒಪ್ಪಿಕೊಂಡು, ಅದರಲ್ಲಿ ದುಃಖವನ್ನೇನೂ ಪಡದೆ ಇದ್ದೆ.

ಒಂದು ಬೇಸಿಗೆಯ ರಜೆಯಲ್ಲಿ ಆ ಮೇಡಮ್ ಅಂಗಡಿಗೆ ಬಂದರು. ಹೆಚ್ಚುಕಡಿಮೆ ನನ್ನ ವಯಸ್ಸಿನವರೇ. ಮುದ್ದೇಬಿಹಾಳದ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು; ಮನೆ ಬಸವನ ಬಾಗೇವಾಡಿಯಲ್ಲಿ; ಸಿಂದಗಿಗೆ ಬಂದದ್ದು ಅಕ್ಕನ ಮನೆಗೆ. ಕೈಯಲ್ಲಿ ಇನ್ನೂರು ಪುಟದ ನೋಟುಬುಕ್ಕು, ತುಂಬ ಸಂಭಾಷಣೆ. ಬೇರೆ ಕಡೆ ಒಮ್ಮೆ ಟೈಪ್ ಮಾಡಿಸಿದ್ದರಂತೆ. ಅಲ್ಲಿ ಟೈಪ್ ಮಾಡಿದವರು 'ಐತಿ' ಇದ್ದಲ್ಲೆಲ್ಲ 'ಇದೆ' ಎಂದು ತಿದ್ದಿ ಕೊಟ್ಟಿದ್ದರಂತೆ.

"ಒಂದು ಅಕ್ಷರನೂ ತಿದ್ದಬ್ಯಾಡ್ರಿ. ಇದು ಪುಸ್ತಕ ಅಲ್ಲ, ಗೇಮ್ ಐತಿ" ಎಂದರು.

ಗೇಮ್ ಎಂದರೆ ನನಗೆ ಗೊತ್ತಿದ್ದದ್ದು ಬಂದೂಕು ಹಿಡಿದು ಓಡುವವರು ಮಾತ್ರ. ಮೇಡಮ್ಮಿನ ಆಟದ ಹೆಸರು 'ನಾಲ್ಕೂರ ಬಸ್ಸು'. ಇಂಡಿಯಿಂದ ಹೊರಟು ಸಿಂದಗಿ, ಬಾಗೇವಾಡಿ ದಾಟಿ ಮುದ್ದೇಬಿಹಾಳ ಮುಟ್ಟುವ ಒಂದು ಬಸ್ಸು. ಆಡುವವರು ಆ ಬಸ್ಸಿನ ಲೇಡಿ ಕಂಡಕ್ಟರ್. ಹೊಡೆದಾಟವಿಲ್ಲ. ಹತ್ತಿದವರ ಮಾತು ಕೇಳಿಸಿಕೊಂಡು ಯಾರು ಎಲ್ಲಿ ಇಳಿಯಬೇಕು, ಯಾರಿಗೆ ಸೀಟು ಬಿಡಿಸಿ ಕೊಡಬೇಕು, ಯಾವ ಗಂಟು ಯಾರದು ಎಂದು ನೆನಪಿಟ್ಟುಕೊಳ್ಳಬೇಕು. ಆಡುವವರು ಪರದೆಯ ಮೇಲೆ ಒಂದು ಮಾತನ್ನು ಆಯ್ದುಕೊಂಡರೆ ಕಂಡಕ್ಟರ್ ಅದನ್ನು ಗಟ್ಟಿಯಾಗಿ ಹೇಳುತ್ತಾಳೆ. ದಿನಾ ಬಾಗೇವಾಡಿಯಿಂದ ಮುದ್ದೇಬಿಹಾಳಕ್ಕೆ ಓಡಾಡುತ್ತ ಬಸ್ಸಿನಲ್ಲಿ ಕೇಳಿದ್ದನ್ನೆಲ್ಲ ಮೇಡಮ್ ಬರೆದಿಟ್ಟುಕೊಂಡಿದ್ದರು. ಚಿತ್ರಗಳನ್ನು ಬಣ್ಣದ ಪೆನ್ಸಿಲಿನಲ್ಲಿ ತಾವೇ ಬಿಡಿಸಿ, ಕಂಪ್ಯೂಟರಿನ ಕೆಲಸವನ್ನು ವಿಡಿಯೊ ನೋಡಿ ಕಲಿತಿದ್ದರು. ದೂರದ ದೊಡ್ಡ ಊರಿನ ಒಂದು ಕಂಪನಿ ಅದನ್ನು ನೋಡಿ ಮೆಚ್ಚಿ, ಪೂರ್ತಿ ಮಾಡಿ ಕೊಟ್ಟರೆ ಫೋನುಗಳಿಗೆ ಬಿಡುಗಡೆ ಮಾಡುತ್ತೇವೆ ಎಂದು ಕರಾರು ಬರೆದುಕೊಂಡಿತ್ತು.

ಮೂರನೆಯ ದಿನ ಮಧ್ಯಾಹ್ನ ಮಾಲೀಕರು ಊಟಕ್ಕೆ ಹೋಗಿದ್ದರು. ಟೈಪ್ ಮಾಡಿದ್ದು ಸರಿ ಇದೆಯೇ ಎಂದು ಒಬ್ಬಳೇ ಇದ್ದಾಗ ಗಟ್ಟಿಯಾಗಿ ಓದಿ ನೋಡುವುದು ನನ್ನ ಅಭ್ಯಾಸ. ಯಾರೂ ಇಲ್ಲದಿದ್ದರೆ ನನಗೆ ಉಗ್ಗು ಬರುವುದಿಲ್ಲ. ಇದು ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಗೊತ್ತಾಗಲು ಯಾರಾದರೂ ಇರಬೇಕಲ್ಲ. ಅಗರಖೇಡದ ಅಜ್ಜಿಯೊಬ್ಬಳು ನಿಂಬೆಹಣ್ಣಿನ ಚೀಲ ಹೊತ್ತು ಬಸ್ಸು ಹತ್ತುವ ಪುಟ ಬಂತು. ನನಗೇ ಹುರುಪು ಬಂದು ಕಂಡಕ್ಟರ್ ಧಾಟಿಯಲ್ಲೇ ಕೂಗಿದೆ: "ಏ ಅಜ್ಜೀ, ಚೀಲ ಸೀಟಿನ ಬುಡಕ ಇಡು! ಇಲ್ಲಂದ್ರ ನಿನ್ನ ನಿಂಬಿಹಣ್ಣು ಮುದ್ದೇಬಿಹಾಳ ತನಕ ಉಳ್ಳಕೋತ ಹೋಗ್ತಾವ!"

"ಯಾರ್ರಿ ಮಾತಾಡಿದ್ದು?"

ತಿರುಗಿದರೆ ಬಾಗಿಲಲ್ಲಿ ಮೇಡಮ್. ಮೇಜಿನ ಮೇಲೆ ಮರೆತುಹೋದ ಚಾಳೀಸು ಕನ್ನಡಕ ತೆಗೆದುಕೊಳ್ಳಲು ಬಂದಿದ್ದರು. ನಾನು ನನ್ನ ಎದೆಯ ಕಡೆ ಬೊಟ್ಟು ಮಾಡಿ ತೋರಿಸಿದೆ.

"ನೀವಾ? ಇನ್ನೊಮ್ಮೆ ಹೇಳ್ರಿ."

ಆಗಲಿಲ್ಲ. 'ಅಜ್ಜಿ' ಎಂಬ ಸುಲಭದ ಪದಕ್ಕೂ ಬಾಯಿ ಕಟ್ಟಿತು. ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಅಯ್ಯೋ ಪಾಪ ಎನ್ನಲಿಲ್ಲ. "ನಾ ಹೊರಗ ನಿಂದರ್ತೇನಿ. ಯಾರೂ ಇಲ್ಲ ಅಂತ ತಿಳ್ಕೊರಿ" ಎಂದು ಹೋಗಿ ಅಂಗಡಿಯ ಕಟ್ಟೆಯ ಮೇಲೆ, ರಸ್ತೆಗೆ ಮುಖ ಮಾಡಿ ನಿಂತರು. ಬಹಳ ಹೊತ್ತಾದ ಮೇಲೆ ನಾನು ಹೇಳಿದೆ. ಪೂರ್ತಿ ಹೇಳಿದೆ. ಅವರು ತಿರುಗದೆ ಅಲ್ಲಿಂದಲೇ, "ರವಿವಾರ ಬಾಗೇವಾಡಿಗೆ ಬರ್ರಿ. ಸದ್ಯಕ್ಕ ನಿಮ್ಮ ದನಿ ಹಾಕಿ ನೋಡೂಣು, ಆಮ್ಯಾಲ ಹುಬ್ಬಳ್ಳಿ ಕಡೆಯಿಂದ ಯಾರನ್ನರ ಕರಸ್ತೇನಿ" ಎಂದರು.

ಹುಬ್ಬಳ್ಳಿಯಿಂದ ಯಾರೂ ಬರಲಿಲ್ಲ. ಅವರು ಯಾರನ್ನೂ ಕರೆಸಲಿಲ್ಲ.

ಬಾಗೇವಾಡಿಯ ಅವರ ಮನೆಯ ಮಾಳಿಗೆ ಮೇಲೆ ಒಂದು ಸಣ್ಣ ಕೋಣೆ. ಹೊರಗಿನ ಸದ್ದು ಬರದಂತೆ, ಒಳಗೆ ದನಿ ಮಾರ್ದನಿಯಾಗದಂತೆ, ಗೋಡೆಗೂ ಬಾಗಿಲಿಗೂ ಅವರತ್ತೆ ಹೊಲಿದ ಕೌದಿಗಳನ್ನು ತೂಗುಹಾಕಿದ್ದರು. ಹಳೆಯ ಸೀರೆ, ಧೋತರದ ಚೂರುಗಳ ಆ ಬಣ್ಣಬಣ್ಣದ ಕೌದಿಗಳ ನಡುವೆ ಒಂದು ಸ್ಟೂಲು, ಒಂದು ಮೈಕು. ಫ್ಯಾನ್ ಹಾಕುವಂತಿಲ್ಲ. ಪಕ್ಕದ ಗಿರಣಿ ಶುರುವಾದರೆ ಕೆಲಸ ನಿಲ್ಲಿಸಿ, ಕೆಳಗೆ ಹೋಗಿ ಚಹಾ ಕುಡಿದು ಬರುವುದು. ನಾನು ಒಳಗೆ ಒಬ್ಬಳೇ. ಮೇಡಮ್ ಹೊರಗೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂರುವುದು. ಮೊದಲ ರವಿವಾರ ಆರು ವಾಕ್ಯ ಆದವು. ಎರಡನೆಯದರಲ್ಲಿ ಮೂವತ್ತು. ನಾನಲ್ಲ, ಆ ಕಂಡಕ್ಟರ್ ಮಾತಾಡುತ್ತಿದ್ದಾಳೆ ಎಂದುಕೊಂಡರೆ ಸ, ಬ, ಮ ಮೂರೂ ಸುಮ್ಮನೆ ಹೊರಗೆ ಬರುತ್ತಿದ್ದವು. ಗದರಿಸುತ್ತಿದ್ದೆ, ಚೇಷ್ಟೆ ಮಾಡುತ್ತಿದ್ದೆ, ಕುಡಿದು ಹತ್ತಿದವನನ್ನು ಇಳಿಸುತ್ತಿದ್ದೆ. ನನ್ನೊಳಗೆ ಇಷ್ಟು ಬಾಯಿಜೋರಿನ ಹೆಂಗಸು ಇದ್ದಾಳೆಂದು ನನಗೇ ಗೊತ್ತಿರಲಿಲ್ಲ.

ಮೂರನೆಯ ರವಿವಾರ ಇಂಗಳೇಶ್ವರದಿಂದ ಒಬ್ಬ ಕಾಕಾ ಬೈಕಿನಲ್ಲಿ ಬಂದರು. ಮೇಡಮ್ ಓಡಾಡುವ ಬಸ್ಸಿನಲ್ಲೇ ಬಹಳ ವರ್ಷ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಬರೆದದ್ದು ಸರಿಯೇ ಎಂದು ನೋಡಲು ಅವರನ್ನು ಕರೆದಿದ್ದರು. ಅವರು ಚಾಳೀಸು ಏರಿಸಿ ಹಾಳೆ ತಿರುವಿ, ಅರ್ಧ ಸಂಭಾಷಣೆಯನ್ನು ಕೆಡಿಸಿ ಹೊಸದು ಮಾಡಿದರು. "'ದಯಮಾಡಿ ಸ್ವಲ್ಪ ಮುಂದ ಸರೀರಿ' ಅಂತ ಯಾವ ಕಂಡಕ್ಟರ್ ಅಂತಾನ್ರಿ? ಮಂದಿ ನಕ್ಕೋತ ಅಲ್ಲೇ ನಿಂದರ್ತಾರ. 'ಒಳಗ ಜಾಗಾ ಐತ್ರಿ, ಬಾಗಲಾಗ ಯಾಕ ಲಗ್ನಕ್ಕ ಬಂದೋರಂಗ ನಿಂತೀರಿ' ಅನಬೇಕು."

ಎಲ್ಲ ಸರಾಗವಾಗಿ ಹೋಗುತ್ತಿದ್ದಾಗ ಒಂದು ವಾಕ್ಯ ಅಡ್ಡ ಬಂತು. "ಬಾಗೇವಾಡಿ ಬಂತು, ಇಳಿಯೋರು ಮುಂದ ಬರ್ರಿ." ಅದೇಕೋ ಆ ಒಂದಕ್ಕೆ ಕಂಡಕ್ಟರ್ ನನ್ನ ಕೈಬಿಟ್ಟು ಹೋಗಿಬಿಡುತ್ತಿದ್ದಳು, ಉಗ್ಗಿನ ನಾನೇ ಉಳಿಯುತ್ತಿದ್ದೆ. ಇಪ್ಪತ್ತಕ್ಕೂ ಹೆಚ್ಚು ಸಲ ಹೇಳಿದೆ. ಕಾಕಾ ಬಾಗಿಲ ಕೌದಿಯ ಆಚೆಯಿಂದ, "ಊರ ಹೆಸರ ಮೊದಲ ಹೇಳಬ್ಯಾಡವಾ. 'ಹಾಂ, ಇಳೀರಿ ಇಳೀರಿ' ಅಂತ ಶುರು ಮಾಡು. ನಾವು ಹೆಸರ ಹೇಳಿದ್ರ ಮಂದಿ ಎಲ್ಲಿ ಕೇಳ್ತಾರ, ದನಿ ಎತ್ತಿದ್ರ ಎದ್ದು ನಿಂದರ್ತಾರ" ಎಂದರು. ಹಾಗೆ ಮಾಡಿದೆ. ಆಯಿತು. ಎಲ್ಲರೂ ಖುಷಿಯಾಗಿ ರೊಟ್ಟಿ, ಮಡಿಕೆಕಾಳಿನ ಪಲ್ಯ ಉಂಡು ಎದ್ದೆವು.

ಎರಡು ತಿಂಗಳ ಮೇಲೆ ಮೇಡಮ್ ನನ್ನ ಫೋನಿಗೆ ಆಟವನ್ನು ಹಾಕಿಕೊಟ್ಟರು. ಅವರ ಮನೆಯ ಪಡಸಾಲೆಯಲ್ಲಿ ಕೂತು ಆಡಲು ಶುರುಮಾಡಿದೆ. ಬಸ್ಸು ಇಂಡಿ ಬಿಟ್ಟಿತು, ಸಿಂದಗಿ ದಾಟಿತು, ಜೋಳದ ಹೊಲಗಳು ಹಿಂದೆ ಸರಿದವು. ಬಾಗೇವಾಡಿ ಹತ್ತಿರ ಬಂದಾಗ ಫೋನಿನಿಂದ ನನ್ನ ದನಿ ಬಂತು: "ಬ್... ಬ... ಬ..." ಮುಂದಿನದನ್ನು ಕೇಳದೆ ಫೋನು ಆರಿಸಿದೆ.

ಸರಿಯಾಗಿ ಹೇಳಿದ್ದನ್ನು ಬಿಟ್ಟು ಉಗ್ಗಿದ್ದನ್ನೇ ಹಾಕಿದ್ದರು.

ನನಗೆ ಮೈಯೆಲ್ಲ ಉರಿಯಿತು. ಶಾಲೆಯಲ್ಲಿ ನನ್ನ ಹಿಂದೆ ಕೂತು ನನ್ನ ಹಾಗೆಯೇ ಮಾತಾಡಿ ನಗುತ್ತಿದ್ದವರೆಲ್ಲ ಎದ್ದು ಬಂದ ಹಾಗಾಯಿತು. ಮೇಡಮ್ ಏನೋ ಹೇಳಲು ಬಾಯಿ ತೆರೆದರು. ನಾನು ಅಲ್ಲೇ ಇದ್ದ ಹಾಳೆಯ ಮೇಲೆ, "ಮಂದಿ ನಗಲಿ ಅಂತ ನನ್ನ ಕರೆದಿದ್ದಿರೇನು?" ಎಂದು ಬರೆದಿಟ್ಟು, ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡಿಗೆ ಬಂದುಬಿಟ್ಟೆ. ಅವರ ಫೋನು ಎತ್ತಲಿಲ್ಲ. ಮುಂದಿನ ನಾಲ್ಕು ರವಿವಾರ ಮನೆಯಲ್ಲೇ ಬಟ್ಟೆ ಒಗೆದೆ.

ಐದನೆಯ ರವಿವಾರ ಬೆಳಿಗ್ಗೆ ಮೇಡಮ್ ಇಂಡಿಯ ನಮ್ಮ ಮನೆಗೇ ಬಂದರು. ನಾನು ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ. ಅವರು ನನ್ನನ್ನು ಕರೆಯಲೂ ಇಲ್ಲ. ಆಯಿಯ ಹತ್ತಿರ ಕೂತು, "ನಿಮ್ಮ ಮಗಳ ದನಿ ಕೇಳ್ತೀರೇನ್ರಿ?" ಎಂದು ತಮ್ಮ ಟ್ಯಾಬನ್ನು ಅವಳ ತೊಡೆಯ ಮೇಲೆ ಇಟ್ಟರು.

ಆಯಿ ಫೋನಿನಲ್ಲಿ ಅಭಂಗ ಕೇಳುವುದು ಬಿಟ್ಟರೆ ಬೇರೇನೂ ಮಾಡಿದವಳಲ್ಲ. ಮೇಡಮ್ ಬೆರಳು ಹಿಡಿದು ಒತ್ತುವುದು ಕಲಿಸಿದರು. ಬಸ್ಸು ಹೊರಟಿತು. "ಅಗಬಾಯೀ, ಇದು ನಮ್ಮ ಬಸ್ ಸ್ಟ್ಯಾಂಡ್ ಅಲ್ಲೇನು!" ಎಂದು ಆಯಿ ಕೂಗಿದ್ದು ಕೇಳಿಸಿತು. ಆಮೇಲೆ ನನ್ನ ದನಿ: ಗದರುವುದು, ಚೇಷ್ಟೆ, ಅಜ್ಜಿಯ ನಿಂಬೆಹಣ್ಣು. ಆಯಿ ಮಾತಾಡುವುದು ನಿಂತಿತು. ನಾನು ಬಾಗಿಲ ಸಂದಿಯಿಂದ ನೋಡಿದೆ. ಅವಳು ಬಾಯಿಗೆ ಸೆರಗು ಹಿಡಿದು ಕೂತಿದ್ದಳು. ಮೂವತ್ತೈದು ವರ್ಷದಿಂದ ಮಗಳ ವಾಕ್ಯಗಳನ್ನು ತಾನೇ ಮುಗಿಸುತ್ತ ಬಂದವಳು ಮಗಳ ಬಾಯಲ್ಲಿ ಇಷ್ಟುದ್ದದ ಮಾತನ್ನು ಮೊದಲ ಸಲ ಕೇಳುತ್ತಿದ್ದಳು.

ಬಾಗೇವಾಡಿ ಬಂತು. "ಬ್... ಬ..." ಎಂದು ಟ್ಯಾಬಿನಲ್ಲಿ ನಾನು ಸಿಕ್ಕಿಕೊಂಡೆ.

"ಬಾಗೇವಾಡಿ! ಬಾಗೇವಾಡಿ ಅನ್ನು!" ಎಂದು ಆಯಿ ಟ್ಯಾಬಿಗೆ ಹೇಳಿ, ಮುಂದೆ ಹೋಗಲೆಂದು ಪರದೆಯನ್ನು ಒತ್ತಿದಳು. ಆಟ ಮುಂದೆ ಹೋಗಲಿಲ್ಲ. ಇನ್ನೂ ಎರಡು ಸಲ ಒತ್ತಿದಳು. ಬಸ್ಸಿನೊಳಗಿನ ಮಂದಿಯೆಲ್ಲ ಚಿತ್ರದಲ್ಲಿ ಕಂಡಕ್ಟರ್ ಕಡೆ ನೋಡುತ್ತ ಸುಮ್ಮನೆ ಕೂತಿದ್ದರು. ಯಾರೂ ನಗಲಿಲ್ಲ. ಯಾರೂ ಊರ ಹೆಸರು ಹೇಳಿಕೊಡಲಿಲ್ಲ. ಆಗ ನಿಂಬೆಹಣ್ಣಿನ ಅಜ್ಜಿ, "ಹೇಳವಾ, ಹೇಳು. ಬಸ್ಸೇನ ನಿನ್ನ ಬಿಟ್ಟು ಹೋಗೂದಿಲ್ಲ" ಎಂದಳು. ಅಜ್ಜಿಗೆ ದನಿ ಕೊಟ್ಟದ್ದು ಮೇಡಮ್ಮಿನ ಅತ್ತೆ. "ಬಾಗೇವಾಡಿ ಬಂತು" ಎಂದು ಕಂಡಕ್ಟರ್ ಹೇಳಿದಳು, ಬಾಗಿಲು ತೆರೆಯಿತು, ಜನ ಇಳಿದರು. ಅಷ್ಟೇ.

ಆಯಿ ಟ್ಯಾಬನ್ನು ಮಗ್ಗುಲಿಗೆ ಇಟ್ಟಳು. ಆಮೇಲೆ ಮೇಡಮ್ಮಿಗೆ, "ನಾ ಯಾವತ್ತೂ ತಡೀಲೇ ಇಲ್ಲರೀ" ಎಂದಳು. ತಡೆಯಲಿಲ್ಲ ಎಂದರೆ ಕಾಯಲಿಲ್ಲ ಎಂದು.

ನಾನು ಹೊರಗೆ ಬಂದೆ. ಮೇಡಮ್ ನನ್ನ ಕಡೆ ತಿರುಗಿ, "ಕೇಳಿ ಹಾಕಬೇಕಿತ್ತು. ಕೇಳಲಿಲ್ಲ, ಅದು ನಂದ ತಪ್ಪು" ಎಂದರು. "ಬ್ಯಾಡ ಅಂದ್ರ ಇವತ್ತ ತೆಗೀತೇನಿ."

ನಾನು ಹೇಳಬೇಕಾದದ್ದು 'ಇರಲಿ' ಎಂಬ ಒಂದೇ ಪದ. ಆದರೆ ನನಗೆ ಇನ್ನೂ ದೊಡ್ಡದನ್ನು ಹೇಳಬೇಕೆನಿಸಿತು. "ಮುಂ... ಮು... ಮುಂದಿನ ರವಿವಾರ ಬರ್ತೇನಿ" ಎಂದೆ. ಆಯಿ ಪಕ್ಕದಲ್ಲೇ ಇದ್ದಳು. ಅವಳ ತುಟಿ ಅಲುಗಿದ್ದನ್ನು ನಾನು ನೋಡಿದೆ. ಆದರೆ ಅವಳು ಕೈಯಿಂದ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದು, ನಾನು ಮುಗಿಸುವ ತನಕ ಸುಮ್ಮನಿದ್ದಳು. ಆ ದಿನದಿಂದ ಇವತ್ತಿನ ತನಕ ಹಾಗೆಯೇ ಇದ್ದಾಳೆ. ಒಮ್ಮೊಮ್ಮೆ ತಡೆಯಲಾಗದೆ ಅಡುಗೆಮನೆಗೆ ಎದ್ದು ಹೋಗುತ್ತಾಳೆ, ಅದು ಬೇರೆ.

ಚಳಿಗಾಲ ಮುಗಿಯುವಷ್ಟರಲ್ಲಿ ಆಟ ಪೂರ್ತಿಯಾಯಿತು. ಮುದ್ದೇಬಿಹಾಳದ ಕಾಲೇಜಿನ ಸ್ಟಾಫ್‌ರೂಮಿನಲ್ಲಿ ಮೂರು ನಾಲ್ಕು ಮಂದಿ ಉಪನ್ಯಾಸಕರು ಆಡಿದರು. ಕಾಕಾ ತಮ್ಮ ಫೋನಿಗೆ ಹಾಕಿಸಿಕೊಂಡು ಮನೆಯವರಿಗೆಲ್ಲ ಆಡಿಸಿದರು. ಕಂಪನಿಯವರಿಗೂ ಮೊದಲು ಇಷ್ಟವಾಗಿತ್ತು. ಆಮೇಲೆ, ಕಂಡಕ್ಟರ್ ಮಾತು ನಿಧಾನವಾಯಿತು, ಬೇಕಾದವರು ಅದನ್ನು ಹಾರಿಸಿ ಮುಂದೆ ಹೋಗುವ ಹಾಗೆ ಒಂದು ಗುಂಡಿ ಇಡಿ ಎಂದು ಬರೆದರು. ಮೇಡಮ್ ಆಗುವುದಿಲ್ಲ ಎಂದು ಉತ್ತರ ಕೊಟ್ಟರು. ಅದಾಗಿ ಒಂದೂವರೆ ತಿಂಗಳಿಗೆ ಆಟ ರದ್ದಾದ ಸುದ್ದಿ ಬಂತು.

ಮೇಡಮ್ ಫೋನಿನಲ್ಲಿ ಸುದ್ದಿ ಹೇಳಿದಾಗ ನಾನು ಅಂಗಡಿಯಲ್ಲಿ ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದೆ. ನನ್ನ ಉಗ್ಗಿನಿಂದಲೇ ಅವರ ಮೂರು ವರ್ಷದ ದುಡಿಮೆ ಹಾಳಾಯಿತು ಎಂದುಕೊಂಡೆ. ಅಂದಿನ ಪತ್ರಿಕೆಯಲ್ಲಿ ವರನ ತಂದೆಯ ಹೆಸರನ್ನೇ ಬಿಟ್ಟುಬಿಟ್ಟಿದ್ದೆ. ವಾರವಿಡೀ ಸರಿಯಾಗಿ ಉಣ್ಣಲಿಲ್ಲ. ರವಿವಾರ ಬಾಗೇವಾಡಿಗೆ ಹೋಗಿ, ಬೇರೆ ಯಾರದಾದರೂ ದನಿ ಹಾಕಿ, ನನ್ನದನ್ನು ತೆಗೆಯಿರಿ, ಕಂಪನಿಯವರನ್ನು ಇನ್ನೊಮ್ಮೆ ಕೇಳಿ ನೋಡಿ ಎಂದು ಕಷ್ಟಪಟ್ಟು ಪೂರ್ತಿ ಹೇಳಿದೆ.

ಮೇಡಮ್ ಕಂಪನಿಯ ಪತ್ರವನ್ನು ತೆಗೆದು ತೋರಿಸಿದರು. ನಮ್ಮ ಆಟವೊಂದೇ ಅಲ್ಲ, ಬೇರೆ ಬೇರೆ ಭಾಷೆಗಳಲ್ಲಿ ಅವರು ಒಪ್ಪಿಕೊಂಡಿದ್ದ ಸಣ್ಣ ಆಟಗಳನ್ನೆಲ್ಲ ನಿಲ್ಲಿಸಿದ್ದರು. ಆ ವಿಭಾಗವನ್ನೇ ಮುಚ್ಚಿದ್ದರು. ಕಂಡಕ್ಟರ್ ಬಗ್ಗೆ, ಗುಂಡಿಯ ಬಗ್ಗೆ ಒಂದು ಮಾತೂ ಇರಲಿಲ್ಲ. ನಿಜ ಹೇಳಬೇಕೆಂದರೆ, ಸಮಾಧಾನದ ಜೊತೆಗೆ ನನಗೆ ಒಂದು ಚೂರು ನಿರಾಸೆಯೂ ಆಯಿತು. ಒಂದು ವಾರ ನಾನು ನನ್ನನ್ನು ಎಷ್ಟು ದೊಡ್ಡವಳೆಂದು ತಿಳಿದುಕೊಂಡಿದ್ದೆ!

"ನಾವ ಹಂಗ ಬಿಡುಗಡೆ ಮಾಡೂಣು. ಪುಕ್ಕಟೆ ಕೊಡೂಣು" ಎಂದರು ಅಲ್ಲೇ ಕೂತಿದ್ದ ಕಾಕಾ.

ಅದೂ ಆಗುವಂತಿರಲಿಲ್ಲ. ಕರಾರಿನ ಪ್ರಕಾರ ಆಟದ ಹಕ್ಕು ಕಂಪನಿಯದು. ಅವರು ಬಿಡುಗಡೆ ಮಾಡುವುದಿಲ್ಲ, ನಾವು ಮಾಡುವಂತಿಲ್ಲ. ಪರೀಕ್ಷೆಗೆಂದು ಹಾಕಿಕೊಂಡ ಮೂರು ಪ್ರತಿಗಳು ನಮ್ಮ ಹತ್ತಿರ ಉಳಿದವು: ಮೇಡಮ್ಮಿನ ಟ್ಯಾಬಿನಲ್ಲಿ ಒಂದು, ಕಾಕಾನ ಫೋನಿನಲ್ಲಿ ಒಂದು, ನನ್ನ ಫೋನಿನಲ್ಲಿ ಒಂದು. ಹಕ್ಕು ವಾಪಸ್ ಕೇಳಿ ಮೇಡಮ್ ಎರಡು ಸಲ ಬರೆದರು. ಉತ್ತರ ಬರಲಿಲ್ಲ.

ಮೇಡಮ್ ಸುಮಾರು ದಿನ ಕಂಪ್ಯೂಟರನ್ನೇ ತೆರೆಯಲಿಲ್ಲ. ಆದರೂ ರವಿವಾರ ಬರಬೇಡಿ ಎಂದು ಅವರು ಹೇಳಲಿಲ್ಲ, ನಾವೂ ಬಿಡಲಿಲ್ಲ. ಕೂತು ಊಟ ಮಾಡುವುದು, ಅದೂ ಇದೂ ಮಾತಾಡುವುದು. ಅಂಥ ಒಂದು ಮಧ್ಯಾಹ್ನ ಅವರು ಜಗತ್ತಿನಲ್ಲಿ ಹೀಗೆ ಹೊರಗೆ ಬಾರದೆ ಉಳಿದ ಆಟಗಳ ಸಂಗತಿ ಹೇಳಿದರು. ನೂರಾರು ಮಂದಿ ವರ್ಷಗಟ್ಟಲೆ ದುಡಿದು ಪೂರ್ತಿ ಮಾಡಿದ ಆಟಗಳೂ ಕಡೆಯ ಗಳಿಗೆಯಲ್ಲಿ ರದ್ದಾಗಿವೆಯಂತೆ. ಟಿವಿಗೆ ಹಚ್ಚಿ ಆಡುವ ಯಂತ್ರಗಳನ್ನು ಜನರ ಮುಂದೆ ತೋರಿಸಿ, ಇನ್ನೇನು ಅಂಗಡಿಗೆ ಬರುತ್ತವೆ ಎಂದು ಸಾರಿ, ಆಮೇಲೆ ಕಂಪನಿಗಳು ಕೈಬಿಟ್ಟದ್ದೂ ಇದೆಯಂತೆ. ಅಂಥ ಯಂತ್ರದ ಒಂದೊಂದು ಮಾದರಿ ಯಾರದೋ ಮನೆಯ ಡಬ್ಬಿಯಲ್ಲಿ ಎಷ್ಟೋ ವರ್ಷದ ಮೇಲೆ ಸಿಗುತ್ತದಂತೆ. ಅದನ್ನು ಹುಡುಕುವುದನ್ನೇ ಹವ್ಯಾಸ ಮಾಡಿಕೊಂಡವರಿದ್ದಾರಂತೆ. "ನಾವೊಬ್ಬರ ಅಲ್ಲ ಅಂತ ಓದಿ ಓದಿ ತಿಳ್ಕೊಳ್ಳಾಕತ್ತೇನಿ" ಎಂದರು.

ಕಾಕಾ ರೊಟ್ಟಿ ಮುರಿಯುತ್ತ, "ನಮ್ಮ ಡಿಪೋದಾಗೂ ಹಂಗ ಆಗಿತ್ರಿ" ಎಂದರು. "ಒಂದು ಹೊಸಾ ರೂಟ್ ಮಂಜೂರ ಆತು. ಬೋರ್ಡ್ ಬರಸಿದ್ವಿ, ಕೆಂಪು ಅಕ್ಷರದಾಗ. ನನಗ ಡ್ಯೂಟಿ ಹಾಕಿದ್ರು. ನಾ ಹೊಸಾ ಶರ್ಟ್ ಹೊಲಸಿದೆ. ಬಸ್ ಒಂದ ದಿನಾನೂ ಓಡಲಿಲ್ಲ."

"ಬೋರ್ಡ್ ಏನಾತ್ರಿ?" ಎಂದು ಮೇಡಮ್ ಕೇಳಿದರು.

"ನಮ್ಮ ದನದ ಕೊಟ್ಟಿಗಿ ಬಾಗಲಾ ಆಗೈತಿ. ಗಟ್ಟಿ ಹಲಗಿ ಐತ್ರಿ."

ಮೇಡಮ್ ನಕ್ಕರು. ಸುದ್ದಿ ಬಂದ ಮೇಲೆ ಅವರು ಬಾಯ್ತುಂಬ ನಕ್ಕದ್ದು ಅದೇ ಮೊದಲು. ನಾವೂ ನಕ್ಕೆವು, ಊಟ ತಣ್ಣಗಾಗುವ ತನಕ.

ಮೇಲೆ ಕೋಣೆಯಲ್ಲಿ ಕೌದಿಗಳು ಹಾಗೆಯೇ ತೂಗುತ್ತಿದ್ದವು, ಮೈಕು ಇತ್ತು. ಅದನ್ನು ನೋಡಿ ನೋಡಿ ನನಗೊಂದು ಯೋಚನೆ ಬಂತು. ಮೇಡಮ್ಮಿನ ಕಾಲೇಜಿನಲ್ಲಿ ಕಲಾ ವಿಭಾಗದಲ್ಲಿ ಕಣ್ಣು ಕಾಣದ ಒಬ್ಬ ವಿದ್ಯಾರ್ಥಿನಿ ಇದ್ದಾಳೆ ಎಂದು ಅವರು ಮಾತಿನಲ್ಲಿ ಒಮ್ಮೆ ಹೇಳಿದ್ದರು. ಗೆಳತಿಯರು ಓದಿ ಹೇಳಿದ್ದನ್ನು ಕೇಳಿ ಬ್ರೈಲಿನಲ್ಲಿ ಬರೆದುಕೊಂಡು ಕಲಿಯುವವಳು. ಆಕೆಯ ಇತಿಹಾಸದ ಪುಸ್ತಕವನ್ನು ನಾನು ಓದಿ ದನಿಮುದ್ರಿಸಿ ಕಳಿಸಲೇ ಎಂದು ಕೇಳಿದೆ. ನನ್ನ ಜೀವಮಾನದಲ್ಲಿ ಓದಿ ಹೇಳುತ್ತೇನೆ ಎಂದು ನಾನಾಗಿ ಮುಂದೆ ಬಂದದ್ದು ಅದೇ ಮೊದಲ ಸಲ. ಮೇಡಮ್ ಎದ್ದು ಹೋಗಿ ಮೈಕಿನ ಮೇಲಿನ ಧೂಳು ಒರೆಸಿದರು.

ಇತಿಹಾಸ ಸುಲಭವಾಗಿರಲಿಲ್ಲ. ಆಟದಲ್ಲಿ ಕಂಡಕ್ಟರ್ ಎಂಬವಳಿದ್ದಳು, ಇಲ್ಲಿ ನಾನೇ ಓದಬೇಕು. ಅದರಲ್ಲಿ ಸಾಮ್ರಾಜ್ಯಗಳಿಗೆ, ಸಾಮಂತರಿಗೆ, ಬಂಡಾಯಗಳಿಗೆ, ಮಹಾಮಂತ್ರಿಗಳಿಗೆ ಲೆಕ್ಕವೇ ಇಲ್ಲ. ಮೊದಲ ಪಾಠ ಮುಗಿಯಲು ಎರಡು ರವಿವಾರ ಹಿಡಿಯಿತು. ಸಿಕ್ಕಿಕೊಂಡ ಜಾಗಗಳನ್ನು ಕತ್ತರಿಸಿ ತೆಗೆಯಲು ಮೇಡಮ್ ಕೂತಿದ್ದರು, ನಾನೇ ಬೇಡವೆಂದೆ. ಇದ್ದ ಹಾಗೆ ಕಳಿಸಿದೆವು. ಕಳಿಸಿದ ಮೇಲೆ ಎರಡು ದಿನ ನನಗೆ ಜೀವದಲ್ಲಿ ಜೀವವಿರಲಿಲ್ಲ.

ಮೂರನೆಯ ದಿನ ಆಕೆಯಿಂದ ವಾಯ್ಸ್ ಮೆಸೇಜ್ ಬಂತು. "ಅಕ್ಕಾರ, ಬಾಳ ಚಲೋ ಆತ್ರಿ. ಉಳಿದೋರು ಓದಿದ್ರ ಗಾಡಿ ಓಡಿದಂಗ ಓಡ್ತಾರ, ನಾ ಬರಕೊಳ್ಳೂದರಾಗ ಮುಂದಿನ ಪುಟಕ್ಕ ಹೋಗಿರ್ತಾರ. ನೀವು ನಡುನಡುವ ನಿಂದರ್ತೀರಲ್ರಿ, ಅಷ್ಟರಾಗ ನಂದು ಬರಕೊಂಡು ಮುಗೀತೈತಿ. ಹಿಂಗ ಓದ್ರಿ. ಆದ್ರ ಒಂದ ಮಾತು, ಇಸವಿ ಬಂದಾಗ ಸ್ವಲ್ಪ ಜೋರಾಗಿ ಹೇಳ್ರಿ."

ನನ್ನ ಓದಿನಲ್ಲಿ ಆಕೆಗೆ ಕಂಡ ಕೊರತೆ ಇಸವಿಗಳದ್ದು ಮಾತ್ರ. ಆ ಮೆಸೇಜನ್ನು ಅಂಗಡಿಯ ಮಾಲೀಕರಿಗೆ ಕೇಳಿಸಿದೆ, ಆಯಿಗೆ ಕೇಳಿಸಿದೆ, ಕಾಕಾನಿಗೆ ಕಳಿಸಿದೆ. ಪರೀಕ್ಷೆಯಲ್ಲಿ ಆಕೆ ಪಾಸಾದಳು. ಈಗ ಎರಡನೆಯ ವರ್ಷಕ್ಕೆ ಬಂದಿದ್ದಾಳೆ.

ನನ್ನ ಉಗ್ಗು ಹೋಗಿಲ್ಲ. ಹೋಗುವ ಲಕ್ಷಣವೂ ಇಲ್ಲ. ಆದರೆ ಅಂಗಡಿಯಲ್ಲಿ ಈಗ ಗಿರಾಕಿಗಳ ಜೊತೆ ಮಾತಾಡುತ್ತೇನೆ, ಫೋನು ಬಂದರೆ ಎತ್ತುತ್ತೇನೆ. ಅರ್ಧ ಮಂದಿ ಕಾಯುತ್ತಾರೆ. ಉಳಿದರ್ಧ ಮಂದಿಗೆ "ತಡೀರಿ" ಎಂದು ಹೇಳಲು ಕಲಿತಿದ್ದೇನೆ. ಆ ಪದ ನನಗೆ ಸರಾಗವಾಗಿ ಬರುತ್ತದೆ, ಪುಣ್ಯಕ್ಕೆ.

ಆಟ ನನ್ನ ಫೋನಿನಲ್ಲಿ ಈಗ ತೆರೆಯುವುದಿಲ್ಲ. ಫೋನು ಹೊಸ ಆವೃತ್ತಿಗೆ ಬದಲಾದಾಗ ಅದು ನಿಂತುಹೋಯಿತು. ಕಾಕಾ ಮಾತ್ರ ತಮ್ಮ ಒಡೆದ ಗಾಜಿನ ಫೋನನ್ನು ಬದಲಿಸಲು ಒಪ್ಪದೆ, ಅದರಲ್ಲಿ ಇನ್ನೂ ದಿನಕ್ಕೊಂದು ಟ್ರಿಪ್ ಹೊಡೆಯುತ್ತಾರೆ. ಒಂದಲ್ಲ ಒಂದು ದಿನ ಅದೂ ನಿಲ್ಲುತ್ತದೆ. ಆಗ ನಮ್ಮ ಆಟ ಇತ್ತು ಎಂದು ತೋರಿಸಲು ಮೇಡಮ್ಮಿನ ಟ್ಯಾಬು ಮಾತ್ರ ಉಳಿಯುತ್ತದೆ. ಅದು ಬಿಡುಗಡೆಯಾಗಿದ್ದರೆ ಸಾವಿರಾರು ಮಂದಿ ನನ್ನ ದನಿ ಕೇಳುತ್ತಿದ್ದರೋ ಏನೋ. ಆ ಸಾವಿರಾರು ಮಂದಿಯನ್ನು ನೆನೆದು ನಾನು ಕೊರಗಿದ್ದು ಕಡಿಮೆ. ಕೌದಿಯ ಕೋಣೆ, ಕಟ್ಟೆಯ ಮೇಲೆ ರಸ್ತೆಗೆ ಮುಖ ಮಾಡಿ ನಿಂತ ಮೇಡಮ್, ಸೆರಗನ್ನು ಬಿಗಿಯಾಗಿ ಹಿಡಿದ ಆಯಿಯ ಕೈ, ಇವುಗಳನ್ನು ನೆನೆದು ಮನಸ್ಸು ತುಂಬಿದ್ದೇ ಹೆಚ್ಚು. ಕೊಟ್ಟವರಿಗೆ ಇದನ್ನು ತಿರುಗಿ ಕೊಡುವುದು ಹೇಗೆಂದು ನನಗೆ ಗೊತ್ತಿಲ್ಲ. ಹೀಗೆ ಬರೆದಿಡುವುದು ಗೊತ್ತು.

ನಾಳೆ ರವಿವಾರ. ಅರ್ಥಶಾಸ್ತ್ರದ ಮೊದಲ ಪಾಠ ಶುರುಮಾಡಬೇಕು. ಈ ಸಲ ಆಯಿ ತಾನೂ ಬರುತ್ತೇನೆ ಎಂದಿದ್ದಾಳೆ. ಮೇಡಮ್ಮಿನ ಅತ್ತೆಗೆ ಕೊಡಲು ಶೇಂಗಾ ಹೋಳಿಗೆ ಮಾಡಿ ಡಬ್ಬಿಗೆ ತುಂಬುತ್ತಿದ್ದಾಳೆ. ಆಟದ ಅಜ್ಜಿಗೆ ದನಿ ಕೊಟ್ಟವರನ್ನು ಅವಳು ಇನ್ನೂ ಕಣ್ಣಾರೆ ಕಂಡಿಲ್ಲ.